ಬೂಟು ಬಿಚ್ಚಿಟ್ಟು ಒಳಗೆ ಹೋದ ವೀರ

ಆ ಕಂಪ್ಯೂಟರ್ ಆಟದಲ್ಲಿ ನಮ್ಮ ವೀರ ಸತ್ತದ್ದು ಹೆಚ್ಚಾಗಿ ಸಂಸ್ಕಾರದಿಂದ. ಕತ್ತಿ ಹಿಡಿದು ಕಾದಾಡಿ ಸತ್ತಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಮಂತ್ರ ಹಾಕಿದ ಕಬ್ಬಿಣದ ಬೂಟು ತೊಟ್ಟು ಕಾಡು, ಕೆಸರು, ಹಾವಿನ ಹುತ್ತ ಎಲ್ಲ ದಾಟಿ ಬಂದವನು ಯಾರದಾದರೂ ಮನೆಯ ಬಾಗಿಲು ಮುಟ್ಟಿದ ಕೂಡಲೇ ನನ್ನ ಸೋದರಮಾವನ ಮಗ ಆಟ ನಿಲ್ಲಿಸಿ, ವೀರನ ಕಾಲಿನ ಬೂಟು ತೆಗೆದು ಅವನ ಗಂಟಿನೊಳಗೆ ಇಡುತ್ತಿದ್ದ. ಆಮೇಲೆ ಬರಿಗಾಲಲ್ಲಿ ಒಳಗೆ ಕಳಿಸುತ್ತಿದ್ದ. ಒಳಗೆ ಕಳ್ಳರ ನಾಯಕ ನೆಲದ ತುಂಬ ವಿಷದ ಮುಳ್ಳು ಹರಡಿಕೊಂಡು ಕೂತಿದ್ದಾನೆಂದು ಇಬ್ಬರಿಗೂ ಗೊತ್ತಿತ್ತು.

"ಬೂಟು ಇರಲಿ ಬಿಡು," ಎಂದು ನಾನು ಹಲ್ಲು ಕಡಿಯುತ್ತಿದ್ದೆ.

"ಮಂದಿ ಮನ್ಯಾಗ ಬೂಟು ಹಾಕ್ಕೊಂಡು ಹ್ಯಾಂಗ ಹೋಗೋದು?"

"ಅದು ಕಳ್ಳನ ಮನಿ."

"ಕಳ್ಳಂದಾದ್ರೇನು, ಮನಿ ಮನೀನೇ."

ವೀರ ಒಂದಷ್ಟು ಹೆಜ್ಜೆ ಹಾಕಿ, ಕಾಲು ಹಿಡಿದುಕೊಂಡು ಕೂತು, ಹಸಿರು ಬಣ್ಣಕ್ಕೆ ತಿರುಗಿ ಸಾಯುತ್ತಿದ್ದ. ಮಾಮಾನ ಮಗ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ, ಮತ್ತೆ ಬೂಟು ಬಿಚ್ಚುತ್ತಿದ್ದ. ಇಂಥವನನ್ನು ಕಟ್ಟಿಕೊಂಡು ಬಾಳಬೇಕೆಂದು ನನ್ನ ಹಣೆಯಲ್ಲಿ ಬರೆದಿದ್ದರು.

ಬರೆದದ್ದು ಬ್ರಹ್ಮನಲ್ಲ, ನಮ್ಮವ್ವ. ನಾನು ತೊಟ್ಟಿಲಲ್ಲಿದ್ದಾಗ ಅವಳೂ ಕಮಲಾಪುರದ ಅವಳ ಅಣ್ಣನೂ ಕೂತು, ಈಕೆ ಅಣ್ಣನ ಮಗನಿಗೇ ಎಂದು ಮಾತಾಡಿ, ನನ್ನ ಹಣೆಗೆ ವಿಭೂತಿ ಹಚ್ಚಿ ಎದ್ದಿದ್ದರು. ಅವ್ವನಿಗೆ ತವರಿನಲ್ಲಿ ಉಳಿದಿದ್ದವನು ಆ ಅಣ್ಣ ಒಬ್ಬನೇ. ನಮ್ಮ ಕಡೆ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಬಂದು ಕರೆದರಷ್ಟೇ ತವರಿಗೆ ಹೋಗುವುದು, ಕರೆಯಲು ಬಾರದಿದ್ದರೆ ಮನೆ ಪಕ್ಕದ ಓಣಿಯಲ್ಲಿದ್ದರೂ ಹೋಗುವಂತಿಲ್ಲ. ಮಾಮಾ ಪ್ರತಿ ವರ್ಷ ತಪ್ಪದೆ ಬರುತ್ತಿದ್ದ. ಈ ಮದುವೆಯಾದರೆ ಆ ದಾರಿ ತಾನಿರುವವರೆಗೂ ಸವೆಯುತ್ತಲೇ ಇರುತ್ತದೆಂದು ಅವ್ವನ ಲೆಕ್ಕ. ನನ್ನನ್ನು ಕೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ತೊಟ್ಟಿಲಲ್ಲಿದ್ದವಳನ್ನು ಯಾರು ಕೇಳುತ್ತಾರೆ?

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕಂಪ್ಯೂಟರ್ ಬಾರದ ಹುಡುಗಿಗೆ ಮುಂದೆ ಕಷ್ಟ ಎಂದು ಆಫೀಸಿನಲ್ಲಿ ಯಾರೋ ಹೇಳಿದರೆಂದು ಅಪ್ಪ ಕಲಬುರಗಿಯ ಗಾಜಿಪುರದ ನಮ್ಮ ಮನೆಗೆ ಒಂದು ಕಂಪ್ಯೂಟರ್ ತಂದಿದ್ದರು. ನಾನಾಗ ಬಿ.ಎ. ಕಡೆಯ ವರ್ಷ. ನಡುಮನೆಯಲ್ಲಿ ಅದನ್ನಿಟ್ಟು ಅವ್ವ ಮೇಲೊಂದು ಕಸೂತಿ ಬಟ್ಟೆ ಹೊದಿಸಿದಳು. ಮಾಮಾನ ಮಗ ಕಂಪ್ಯೂಟರ್ ಕೋರ್ಸು ಮಾಡುತ್ತೇನೆಂದು ಕಮಲಾಪುರದ ಬಾಳೆತೋಟ ಬಿಟ್ಟು ಬಂದು ನಮ್ಮಲ್ಲೇ ಉಳಿದುಕೊಂಡ. ಒಂದು ಮಧ್ಯಾಹ್ನ ಅವನ ಜೊತೆ ಹೋಗಿ ಸೂಪರ್ ಮಾರ್ಕೆಟ್ಟಿನಲ್ಲಿ ಕ್ಯಾಸೆಟ್ಟು, ಸೀಡಿ ಮಾರುವ ಅಂಗಡಿಯಲ್ಲಿ ನಾನು ಟೈಪಿಂಗ್ ಕಲಿಸುವ ಸೀಡಿ ಕೇಳಿದೆ. ಅಂಗಡಿಯವನು ಕತ್ತಿ ಹಿಡಿದವನ ಚಿತ್ರವಿದ್ದ ಸೀಡಿಯನ್ನು ಮುಂದಿಟ್ಟ. "ಟೈಪಿಂಗ್ ಖತಂ ಆಗ್ಯಾದ. ಯೇ ಲೇ ಜಾವ್ ಬೇಟಿ, ಏಕ್ ನಂಬರ್ ಗೇಮ್ ಹೈ. ನಡೀಲಿಲ್ಲಂದ್ರ ವಾಪಸ್ ತರ್ರಿ," ಎಂದ. ಬರಿಗೈಯಲ್ಲಿ ಹೋಗುವುದೇಕೆ ಎಂದು ತಂದೆವು.

ಆಟ ಇಂಗ್ಲಿಷಿನದು. ಮಾಂತ್ರಿಕರ, ರಾಕ್ಷಸರ ಒಂದು ರಾಜ್ಯ, ಅದರಲ್ಲಿ ಊರಿಂದೂರಿಗೆ ಅಲೆಯುವ ನಮ್ಮ ವೀರ. ಯಾರಾದರೂ ಎದುರಾದರೆ ಪರದೆಯ ಕೆಳಗೆ ಎರಡು ಮೂರು ಸಾಲು ಮೂಡುತ್ತವೆ. ಸಹಾಯ ಮಾಡುತ್ತೀಯೋ, ಇಲ್ಲವೆನ್ನುತ್ತೀಯೋ, ಕತ್ತಿ ಹಿರಿಯುತ್ತೀಯೋ, ಒಂದನ್ನು ಆರಿಸಿ ಒತ್ತಬೇಕು. ಒತ್ತಿದ್ದನ್ನು ಆ ರಾಜ್ಯದ ಜನ ಮರೆಯುವುದಿಲ್ಲ; ಇಲ್ಲಿ ಒಬ್ಬನಿಗೆ ಮೋಸ ಮಾಡಿದರೆ ಮುಂದಿನ ಊರಿನಲ್ಲಿ ಅವನ ಭಾವಮೈದುನ ಕಾದು ಕೂತಿರುತ್ತಾನೆ. ಮೂಲೆಯಲ್ಲೊಂದು ತಕ್ಕಡಿ, ಒಳ್ಳೆಯದು ಮಾಡಿದರೆ ಬಿಳಿಯ ಕಡೆಗೆ, ಕೆಟ್ಟದ್ದು ಮಾಡಿದರೆ ಕಪ್ಪಿನ ಕಡೆಗೆ ವಾಲುತ್ತದೆ. ಇಂಗ್ಲಿಷ್ ಓದಿ ಅರ್ಥ ಹೇಳುವುದು ನನ್ನ ಕೆಲಸ, ಮೌಸ್ ಅವನ ಕೈಯಲ್ಲಿ. ತೀರ್ಪು ಕೊಡುವವರು ಮಾತ್ರ ನಮ್ಮ ಹಿಂದೆ ಕಾಳು ಹಸನು ಮಾಡುತ್ತ ಕೂತಿರುತ್ತಿದ್ದ ಅವ್ವ ಮತ್ತು ಆಯಿ. ಆಯಿ ಎಂದರೆ ಅಪ್ಪನ ತಾಯಿ.

ಆಟ ಕಟ್ಟಿದವರು ಯಾವ ದೇಶದವರೋ, ಅವರ ಕಲ್ಪನೆಗೆ ನಮ್ಮ ಮನೆಯ ಹೆಂಗಸರು ಬಂದಿರಲಾರರು. ಆಟದಲ್ಲಿ ಮಂದಿಯ ಮನೆಗೆ ನುಗ್ಗಿ ಗಡಿಗೆ ಒಡೆದರೆ ಒಳಗೆ ಚಿನ್ನ ಸಿಗುತ್ತದೆ. ಒಂದು ಗಡಿಗೆ ಒಡೆದದ್ದೇ ತಡ ಅವ್ವ ಮೊರ ಕೆಳಗಿಟ್ಟಳು. "ಆ ಹೆಣ್ಣುಮಗಳು ನೀರು ತುಂಬಿಟ್ಟಿದ್ದಳೋ ಏನೋ. ಇನ್ನೊಂದು ಗಡಿಗಿ ಒಡದ್ರ ಕರೆಂಟ್ ತೆಗೀತೀನಿ." ಅಲ್ಲಿಗೆ ಚಿನ್ನ ಬಂದ್. ಹುರಿದ ಮಾಂಸ ತಿಂದರೆ ವೀರನಿಗೆ ಜೀವ ತುಂಬಿಬರುತ್ತದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಅದೂ ಆಗಲಿಲ್ಲ. "ಅವನ ಗಂಟಿನಾಗ ರೊಟ್ಟಿ ಇಲ್ಲೇನು?" ಎಂದಳು ಅವ್ವ. ಇತ್ತು, ಒಂದು ಒಣ ಬ್ರೆಡ್ಡು. ಹೀಗೆ ನಮ್ಮ ವೀರ ಬ್ರೆಡ್ಡು ತಿಂದು, ಸೇಬು ತಿಂದು, ಬರಿಗಾಲಲ್ಲಿ, ಕಾಸಿಲ್ಲದೆ, ಬೆಂಕಿಯುಗುಳುವ ಮೃಗಗಳ ಮುಂದೆ ಹೋಗಿ ನಿಲ್ಲುತ್ತಿದ್ದ. ತಕ್ಕಡಿ ಮಾತ್ರ ಹಾಲಿನಷ್ಟು ಬಿಳಿ.

ಬಾವಿಯ ರಾಕ್ಷಸಿಯ ಪ್ರಸಂಗ ಬಂದಾಗ ಆಯಿ ಪೂರ್ತಿ ಒಳಗಿಳಿದಳು. ಒಂದು ಊರಿನ ಬಾವಿಯಲ್ಲಿ ರಾಕ್ಷಸಿ ಸೇರಿಕೊಂಡಿದ್ದಾಳೆ, ಕೊಂದು ಪುಣ್ಯ ಕಟ್ಟಿಕೋ ಎನ್ನುತ್ತಾರೆ ಊರವರು. ಬಾವಿಗಿಳಿದರೆ ಅವಳು, ನನಗೆ ಮೊನ್ನೆ ಹೆರಿಗೆಯಾಗಿದೆ, ಕೂಸು ನಡೆಯುವಂತಾಗಲಿ, ಹೋಗುತ್ತೇನೆ ಎನ್ನುತ್ತಾಳೆ. ನಾನು ಅರ್ಥ ಹೇಳಿದೆ.

"ಬಾಣಂತೀನ ಮುಟ್ಟಬ್ಯಾಡ," ಎಂದಳು ಆಯಿ.

"ಆಯಿ, ರಾಕ್ಷಸಿ ಅದು."

"ರಾಕ್ಷಸಿಗಿ ಬ್ಯಾನಿ ಬರಂಗಿಲ್ಲೇನು? ಹೆತ್ತಾಕಿಗಿ ಗೊತ್ತದ."

ಬಿಟ್ಟೆವು. ಊರಿಗೆ ನೀರಿಲ್ಲದಂತಾಯಿತು. ಜನ ವೀರನಿಗೆ ಕಲ್ಲು ಹೊಡೆದರು, ಕಮ್ಮಾರ ಬಾಗಿಲು ಹಾಕಿಕೊಂಡ, ಕತ್ತಿ ಮೊಂಡಾಗಿಯೇ ಉಳಿಯಿತು. ಆಯಿ ತನ್ನ ತೀರ್ಪನ್ನು ಬದಲಿಸಲಿಲ್ಲ, ಊರವರನ್ನು ಬೈದಳು. "ಬಾಣಂತಿಗಿ ಒಂದು ಬಾವಿ ಬಿಟ್ಟುಕೊಡಾಕ ಏನು ಧಾಡಿ ಇವಕ್ಕ? ಟ್ಯಾಂಕರ್ ತರಿಸ್ಕೋಬೇಕು." ಅವಳು ದೇವರಮನೆಗೆ ಎದ್ದು ಹೋದಾಗ ನಾವು ಹಿಂದೆ ಸೇವ್ ಮಾಡಿಟ್ಟ ಜಾಗಕ್ಕೆ ಮರಳಿ, ರಾಕ್ಷಸಿಯನ್ನು ಕೊಂದು ನೋಡಿದೆವು. ಜೈಕಾರದ ನಡುವೆ ಆಯಿ ಬಂದುಬಿಟ್ಟಳು. ಬಾವಿಯ ದಂಡೆಯ ಮೇಲೆ ಕೂಸು ಅಳುತ್ತಿತ್ತು. ಆಯಿ ಅಂದಿನ ಚಹಾ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದಳು. ಕಡೆಗೆ ಹಳೆಯ ಜಾಗಕ್ಕೆ ಹೋಗಿ, ರಾಕ್ಷಸಿಯನ್ನು ಬದುಕಿಸಿ, ಬಂದು ನೋಡು ಎಂದು ಕರೆದ ಮೇಲೆ ಎದ್ದಳು. ಹೀಗೆ ಹಿಂದಕ್ಕೆ ಹೋಗಿ ಬೇರೆಯದನ್ನು ಆರಿಸಿಕೊಳ್ಳಬಹುದೆಂದು ಅವಳಿಗೆ ತಿಳಿದದ್ದು ಆಗಲೇ. "ಹಿಂಗ ಹೊಳ್ಳಿ ಹೋಗಾಕ ಬರ್ತಿದ್ರ ನಾ ನಿಮ್ಮಜ್ಜನ ಲಗ್ನಾನೇ ಆಗ್ತಿದ್ದಿಲ್ಲ," ಎಂದಳು. ಅವ್ವ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು.

ನಾವು ಹಗಲೆಲ್ಲ ಅಕ್ಕಪಕ್ಕ ಕುರ್ಚಿ ಹಾಕಿಕೊಂಡು ಕೂಗಾಡುವುದನ್ನು ಅವ್ವ ಬೇರೆ ರೀತಿ ಅರ್ಥ ಮಾಡಿಕೊಂಡಿದ್ದಳು. ಮದುವೆಗೆ ಮೊದಲೇ ಗಂಡಹೆಂಡಿರಂತೆ ಜಗಳವಾಡುತ್ತಾರೆ, ಇದಕ್ಕಿಂತ ಹೊಂದಾಣಿಕೆ ಬೇಕೇ ಎಂದು ಓಣಿಯ ಹೆಂಗಸರಿಗೆ ಹೇಳುತ್ತಿದ್ದಳಂತೆ. ಕಮಲಾಪುರಕ್ಕೆ ಫೋನು ಹೋಯಿತು. ಶ್ರಾವಣಕ್ಕೆ ಮುಂಚೆಯೇ ನಿಶ್ಚಯ ಮಾಡಿಬಿಡೋಣ ಎಂದು ಮಾಮಾ ಹೇಳಿದನೆಂದು ಅವ್ವ ರೊಟ್ಟಿ ಬಡಿಯುತ್ತ ನನಗೆ ತಿಳಿಸಿದಳು. ಬಡಿಯುವ ಸದ್ದಿನಲ್ಲೇ ಸಂತೋಷ ಕೇಳುತ್ತಿತ್ತು. ನನಗೆ ಎಂ.ಎ. ಓದಬೇಕಿತ್ತು, ಬಾಳೆತೋಟ ಬೇಕಿರಲಿಲ್ಲ. ಆದರೆ ಬೇಡವೆಂದರೆ ಆ ಬಡಿತ ನಿಂತುಹೋಗುತ್ತದೆಂದು ಹೆದರಿ ಬಾಯಿ ಮುಚ್ಚಿಕೊಂಡೆ.

ಅದೇ ವಾರ ಆಟದಲ್ಲಿ ಒಬ್ಬ ಪಾಳೆಯಗಾರನ ಕೋಟೆ ಬಂತು. ಅವನು ವೀರನಿಗೆ, ನನ್ನ ಮಗಳನ್ನು ಮದುವೆಯಾಗು, ಇಲ್ಲವಾದರೆ ನನಗೂ ನಿನ್ನ ರಾಜನಿಗೂ ಇರುವ ಸ್ನೇಹ ಮುರಿಯಿತೆಂದು ತಿಳಿ ಎನ್ನುತ್ತಾನೆ. ಕೆಳಗೆ ಎರಡೇ ಸಾಲು. ಒಪ್ಪಿಗೆ ಒತ್ತಿ ನೋಡಿದೆವು: ವೀರ ಅರಮನೆಯಲ್ಲಿ ಕೂತು ದಪ್ಪಗಾದ, ಅಭಿನಂದನೆಗಳು, ಆಟ ಮುಗಿಯಿತು. ಹಿಂದಕ್ಕೆ ಬಂದು ಇಲ್ಲವೆಂದು ಒತ್ತಿದೆವು: ಯುದ್ಧ, ಬೆಂಕಿ, ರಾಕ್ಷಸಿ, ಅವಳ ಕೂಸು ಸಮೇತ ಸುಟ್ಟುಹೋದ ಊರು. ಸೀಡಿಯ ಜೊತೆ ಬಂದ ಕಾಗದದಲ್ಲಿ ಮೂರನೆಯ ಸಾಲೊಂದು ಇದೆಯೆಂದು ಬರೆದಿತ್ತು. ಕೋಟೆಗೆ ಬಂದ ದಿನವೇ ಮಗಳ ಕೋಣೆಗೆ ಹೋಗಿ ಅವಳನ್ನು ಮಾತಾಡಿಸಿದ್ದರೆ ಮಾತ್ರ ಅದು ಮೂಡುತ್ತದೆ. ಆಗ ಅವಳೇ ಮುಂದೆ ಬಂದು ಅಪ್ಪನಿಗೆ ಉತ್ತರ ಕೊಡುತ್ತಾಳೆ. ನಾನು ಅವನ ಕಡೆ ತಿರುಗಿದೆ. ಆ ಕೋಣೆಯ ಬಾಗಿಲವರೆಗೆ ಹೋಗಿ, ಎಂದಿನಂತೆ ಬೂಟು ಬಿಚ್ಚಿ, ಒಳಗೆ ಒಬ್ಬಳೇ ಹುಡುಗಿ ಇದ್ದಾಳೆಂದು ಕಂಡು ಬೂಟು ಮೆಟ್ಟಿಕೊಂಡು ವಾಪಸ್ಸು ಬಂದವನು ಇವನೇ.

"ಹೆಣ್ಣುಮಕ್ಕಳ ಖೋಲ್ಯಾಗ ಹ್ಯಾಂಗ ಹೋಗೋದು?" ಎಂದ.

ನನ್ನ ಸಿಟ್ಟು ನೆತ್ತಿಗೇರಿತು. "ಆಕೀನ ಒಂದು ಮಾತು ಕೇಳಿದ್ರ ಊರೇ ಉಳೀತಿತ್ತು. ಎಲ್ಲಾರೂ ಹಿಂಗೇ. ಆಕಿ ಲಗ್ನ, ಆಕೀನ ಬಿಟ್ಟು ಎಲ್ಲಾರೂ ಮಾತಾಡ್ತಾರ."

ಅವನು ಮೌಸಿನಿಂದ ಕೈ ತೆಗೆದ. ಅವ್ವ, ಆಯಿ ಇಬ್ಬರೂ ಅಂದು ಯಾರದೋ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದರು. "ನಿನ್ನ ಯಾರರೆ ಕೇಳ್ಯಾರೇನು?" ಎಂದ.

"ಇಲ್ಲ. ನಿನ್ನ?"

"ನನ್ನ ಯಾರು ಕೇಳ್ತಾರ? ನಾ ಎಂದಾದ್ರೂ ಒಲ್ಲೆ ಅಂದೀನೇನು ಯಾವುದಕ್ಕರೆ?"

ಅದು ನಿಜ. ಅಂಗಡಿಯವನು ಕೊಟ್ಟ ಹಳಸಿದ ಸಮೋಸವನ್ನೂ ತಿಂದು ಬರುವ ಜೀವ ಅದು. "ಈಗ ನಾ ಕೇಳಾಕತ್ತೀನಿ. ನಿನಗ ನಾ ಬೇಕೇನು?" ಎಂದೆ.

ಅವನು ಪರದೆ ನೋಡುತ್ತಲೇ ಹೇಳಿದ, "ಸಿಟ್ಟಿಗಿ ಬರಬ್ಯಾಡ. ನೀ ಒಳ್ಳೆಯಾಕಿ. ಖರೇ ಹೇಳಬೇಕಂದ್ರ, ನೀ ಬಾಜೂ ಕುಂತ್ರ ನನಗ ಅಂಜಿಕಿ ಬರ್ತದ."

ಇಬ್ಬರಿಗೂ ನಗು ಬಂತು. ಆಮೇಲೆ ನಗು ನಿಂತು, ಮಾಮಾ ಮತ್ತು ಅವ್ವ, ಆ ಅಣ್ಣತಂಗಿಯರ ಕತೆ ಏನಾದೀತೆಂಬ ಯೋಚನೆ ಬಂತು. ಮಾಮಾ ಮೂಗಿನ ತುದಿಯಲ್ಲೇ ಸಿಟ್ಟಿರುವ ಮನುಷ್ಯ. ಆ ಸಿಟ್ಟು ಅವ್ವನ ಕಡೆಯಿಂದ ನನಗೂ ಬಂದಿದೆ. ಅವನು ಮುನಿಸಿಕೊಂಡು ಪಂಚಮಿಗೆ ಬಾರದಿದ್ದರೆ ಅವ್ವನಿಗೆ ತವರು ಮುಗಿದ ಹಾಗೆ. ಕಡೆಗೆ, ನಾನೊಬ್ಬಳೇ ಹೇಳುವುದು, ಓದುವ ನೆಪ ಒಡ್ಡುವುದು, ಅವನು ಎಂದಿನಂತೆ ಸುಮ್ಮನಿರುವುದು ಎಂದು ಗೊತ್ತುಮಾಡಿದೆವು. ತಂಗಿಯ ಮಗಳ ಮೇಲೆ ಮಾಮಾನ ಕೋಪ ಹೆಚ್ಚು ದಿನ ನಿಲ್ಲಲಾರದು ಎಂದು ನನ್ನ ಎಣಿಕೆ.

ನಿಶ್ಚಯದ ಮಾತಿಗೆ ಎಲ್ಲರೂ ಕಮಲಾಪುರಕ್ಕೆ ಹೋದೆವು. ಮಾಮಾ ಪಡಸಾಲೆಯಲ್ಲಿ ಜಮಖಾನೆ ಹಾಸಿ, ತೋಟದ ಕೆಂಪು ಬಾಳೆಯ ಗೊನೆಯನ್ನೇ ಮಧ್ಯದಲ್ಲಿ ನಿಲ್ಲಿಸಿದ್ದ. ಊರಿನ ಹಿರಿಯರೊಬ್ಬರು ಪದ್ಧತಿಯಂತೆ, "ಮಕ್ಕಳದೂ ಒಪ್ಪಿಗಿ ಅದ ಅಲ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಳೆಹಣ್ಣು ಸುಲಿಯತೊಡಗಿದರು. ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವ ವಾಡಿಕೆಯಿಲ್ಲ. ಬೇಡವೆನ್ನುವ ಮಾತೇ ನಮ್ಮ ಮನೆಗಳಲ್ಲಿ ಬಾಯಿಗೆ ಬರುವುದಿಲ್ಲ. ನೋಡೋಣ ಎನ್ನುತ್ತೇವೆ, ಗುರುಗಳನ್ನು ಕೇಳೋಣ ಎನ್ನುತ್ತೇವೆ. ನಾನು, "ನನಗ ಬ್ಯಾಡ್ರಿ," ಎಂದೆ. ಅದೇ ಗಳಿಗೆಯಲ್ಲಿ ಎದುರು ಗೋಡೆಯ ಹತ್ತಿರದಿಂದ ಗಟ್ಟಿಯಾಗಿ ಇನ್ನೊಂದು ದನಿ, "ನನಗ ಬ್ಯಾಡ್ರಿ," ಎಂದಿತು.

ಸುಲಿದ ಹಣ್ಣು ಹಿರಿಯರ ಕೈಯಲ್ಲೇ ನಿಂತಿತು. ಮೊದಲು ಮಾತಾಡಿದವಳು ಅವ್ವ, ಅದೂ ನನ್ನನ್ನು ಬೈಯಲು ಅಲ್ಲ. "ನನ್ನ ಮಗಳಿಗಿ ಏನು ಕಮ್ಮಿ ಅದ ಅಂತ ಬ್ಯಾಡ ಅಂತಾನ ನಿನ್ನ ಮಗ?" ಎಂದು ಅಣ್ಣನ ಕಡೆ ತಿರುಗಿದಳು. ಮಾಮಾ ಎದ್ದು ನಿಂತ. "ನನ್ನ ಮಗನ್ನ ಬ್ಯಾಡ ಅನ್ನಾಕ ನಿನ್ನ ಮಗಳೇನು ಕಲೆಕ್ಟರ್ ಆಗ್ಯಾಳೇನು?" ಬೇಡವೆಂದ ನಾವಿಬ್ಬರೂ ಅವರ ಕಣ್ಣಿಗೆ ಬೀಳಲೇ ಇಲ್ಲ. ಅವಳು ಅವನ ಮಗನನ್ನು, ಅವನು ಅವಳ ಮಗಳನ್ನು ಬೈಯುತ್ತ ಹೋಗಿ, ಎಂದೋ ತೀರಿಹೋದ ಅಜ್ಜಿಯ ಹಿತ್ತಾಳೆ ಕೊಡ ಯಾರಿಗೆ ಹೋಯಿತು ಎಂಬಲ್ಲಿಗೆ ಮುಟ್ಟಿದರು. "ಇನ್ನ ನಿಮ್ಮ ಹೊಸ್ತಿಲಾ ತುಳದ್ರ ನಾ ನಮ್ಮಪ್ಪಗ ಹುಟ್ಟಿದವ ಅಲ್ಲ," ಎಂದ ಮಾಮಾ. "ಕರದವರು ಯಾರು?" ಎಂದಳು ಅವ್ವ. ಅಪ್ಪ ನಮ್ಮನ್ನೆಲ್ಲ ಎಬ್ಬಿಸಿಕೊಂಡು ಹೊರಟರು.

ಅಂಗಳದಲ್ಲಿ ಚಪ್ಪಲಿ ಹುಡುಕುವಾಗ ಅವನು ಬಂದು ನಿಂತ. "ಸುಮ್ಮ ಇರು ಅಂತ ಹೇಳಿದ್ದೆನಲ್ಲ," ಎಂದೆ.

"ನೀ ಒಬ್ಬಾಕೇ ಬೈಸ್ಕೊಂತಿ ಅಂತ ಅಂದೆ," ಎಂದ.

ಹುಟ್ಟಿದಾಗಿನಿಂದ ಯಾವುದಕ್ಕೂ ಒಲ್ಲೆ ಎನ್ನದವನು ಮೊದಲ ಸಲ ಬಾಯಿ ಬಿಟ್ಟದ್ದು ನನ್ನ ಪಾಲಿನ ಬೈಗುಳವನ್ನು ಹಂಚಿಕೊಳ್ಳಲು. ಅದು ತಿಳಿದಿದ್ದೂ ಬಸ್ಸಿನಲ್ಲಿ ನನಗೆ ಸಿಟ್ಟು ಬಂತು. ನಾನು ಅವನನ್ನು ಬೇಡವೆಂದದ್ದು ನ್ಯಾಯ. ಅವನು ನನ್ನನ್ನು ಅಷ್ಟು ಗಟ್ಟಿಯಾಗಿ, ಒಂದಿಷ್ಟೂ ತೊದಲದೆ, ಊರ ಹಿರಿಯರೆದುರು ಬೇಡವೆನ್ನಬೇಕಿತ್ತೇ? ಈಗ ನನ್ನ ಮಕ್ಕಳು ಕಾಲೇಜಿಗೆ ಹೋಗುತ್ತಾರೆ, ನನಗೆ ಆ ದನಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಅವನು ಕೋರ್ಸು ಅರ್ಧಕ್ಕೇ ಬಿಟ್ಟ. ಆಟವೂ ಅಲ್ಲಿಗೇ ನಿಂತಿತು. ಒಂದು ದಿನ ನಾನೊಬ್ಬಳೇ ಹಾಕಿ ನೋಡಿದೆ. ವೀರ ಪಾಳೆಯಗಾರನ ಮುಂದೆ, ಎರಡು ಸಾಲುಗಳ ಮೇಲೆ ಹಾಗೆಯೇ ನಿಂತಿದ್ದ. ಹಿಂದೆ ಹೋಗಿ ಹುಡುಗಿಯನ್ನು ಮಾತಾಡಿಸಬಹುದಿತ್ತು. ಮನಸ್ಸಾಗಲಿಲ್ಲ, ಕಂಪ್ಯೂಟರ್ ಆರಿಸಿ ಬಟ್ಟೆ ಹೊದಿಸಿದೆ.

ಶ್ರಾವಣ ಬಂತು. ಅವ್ವ ಪಂಚಮಿಯ ಉಂಡೆ ಕಟ್ಟಿದಳು, ಶೇಂಗಾ, ಎಳ್ಳು, ರವೆ, ಪ್ರತಿ ವರ್ಷದಂತೆ ತವರಿಗೆ ಒಯ್ಯುವ ಡಬ್ಬಿಯ ತುಂಬ. ಯಾರಿಗೆ ಎಂದರೆ ಮನೆಯವರಿಗೆ ಎನ್ನುತ್ತಿದ್ದಳು. ಮನೆಯವರು ಕೈ ಹಾಕಿದರೆ ಕೈಗೆ ಏಟು. ಬಾಗಿಲಲ್ಲಿ ಆಟೋ ನಿಂತ ಸದ್ದಾದರೆ ಒಲೆಯ ಮುಂದಿನಿಂದ ಏಳುವುದು, ಅದು ಮುಂದೆ ಹೋದರೆ ಏತಕ್ಕೆ ಎದ್ದೆನೆಂದು ಮರೆತವಳಂತೆ ಮತ್ತೆ ಕೂರುವುದು. ನನಗೆ ಒಂದೂ ಮಾತು ಬೈಯಲಿಲ್ಲ. ಬೈದಿದ್ದರೆ ನಾನೂ ಎದುರಾಡಿ ಹಗುರಾಗುತ್ತಿದ್ದೆ. ಅವಳು ಸುಮ್ಮನೆ ಎದ್ದು ಕೂರುವುದನ್ನು ನೋಡಿ, ಒಪ್ಪಿಕೊಂಡುಬಿಟ್ಟಿದ್ದರೆ ಚೆನ್ನಾಗಿತ್ತೇನೋ ಎಂದು ಮೊದಲ ಸಲ ಅನ್ನಿಸಿ ಬಹಳ ಸಂಕಟವಾಯಿತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮಾಮಾನ ಮಗ ಒಳಗೆ ಬಂದ. "ಅತ್ತಿ, ಅಪ್ಪ ಕರಿಯಾಕ ಬಂದಾನ," ಎಂದ.

"ಎಲ್ಲಿ?" ಎಂದಳು ಅವ್ವ.

ಅವನು ಹೊರಗೆ ಕೈ ತೋರಿಸಿದ. ನಮ್ಮ ಓಣಿ ಒಂದು ಎತ್ತಿನ ಗಾಡಿ ಹೋಗುವಷ್ಟು ಅಗಲ. ಎದುರುಮನೆಯ ಕಟ್ಟೆಯ ಮೇಲೆ ಮಾಮಾ ಟೋಪಿ ಹಾಕಿಕೊಂಡು ಆಕಾಶ ನೋಡುತ್ತ ಕೂತಿದ್ದ. ನಮ್ಮ ಹೊಸ್ತಿಲು ತುಳಿಯುವುದಿಲ್ಲವೆಂದು ಆಣೆ ಮಾಡಿದ್ದವನು, ಎದುರುಮನೆಯ ಕಟ್ಟೆಯ ಬಗ್ಗೆ ಏನೂ ಹೇಳಿರಲಿಲ್ಲ.

ಅವ್ವ ಹೊಸ್ತಿಲವರೆಗೆ ಬಂದಳು. "ಕರಿಯಾಕ ಬಂದವರು ಬಾಯಿ ಬಿಟ್ಟು ಕರೀಬೇಕು ಅಂತ ಹೇಳು ನಿಮ್ಮಪ್ಪಗ," ಎಂದು ಸೋದರಳಿಯನಿಗೆ ಹೇಳಿದಳು. ಅವನು ಓಣಿ ದಾಟಿ ಹೋಗಿ, ಆಗಲೇ ಕೇಳಿಸಿಕೊಂಡಿದ್ದ ಅಪ್ಪನಿಗೆ ಅದನ್ನೇ ಹೇಳಿದ.

"ಬಸ್ಸಿಗಿ ಹೊತ್ತಾಯ್ತು ಅಂತ ಹೇಳು ನಿಮ್ಮತ್ತಿಗಿ," ಎಂದ ಮಾಮಾ ಆಕಾಶಕ್ಕೆ.

ಅವನು ತಿರುಗಿ ಬರುವಷ್ಟರಲ್ಲಿ ಅವ್ವ ಒಳಗೆ ಹೋಗಿ ಚೀಲ ತಂದಾಗಿತ್ತು. ಅದು ಯಾವಾಗ ತುಂಬಿಟ್ಟದ್ದೋ. ಕಂಕುಳಲ್ಲಿ ಉಂಡೆಯ ಡಬ್ಬಿ. ಅವಳು ಓಣಿ ದಾಟಿ ಹೋಗಿ ಅಣ್ಣನ ಪಕ್ಕ ಕಟ್ಟೆಯ ಮೇಲೆ ಕೂತಳು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಮಾಮಾ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಪ್ರತಿ ಪಂಚಮಿಗೂ ನಾನೂ ಜೊತೆಗೆ ಹೋಗಿ ಅವ್ವನ ಜೋಕಾಲಿ ತೂಗುತ್ತಿದ್ದೆ. ಈ ಸಲ ಯಾವ ಮುಖ ಹೊತ್ತು ಹೋಗಲಿ ಎಂದು ಒಳಗೆ ಸರಿದೆ.

ಮಾಮಾ ಎದ್ದು ಧೋತರ ಕೊಡವಿಕೊಂಡ. "ಬೇವಿನ ಗಿಡಕ್ಕ ಜೋಕಾಲಿ ಕಟ್ಟಿ ಬಂದೀನಿ," ಎಂದು ಮಗನಿಗೆ ಹೇಳಿದ, ಓಣಿಗೆಲ್ಲ ಕೇಳುವಂತೆ. "ಇಕಿ ಈ ವಯಸ್ಸಿನಾಗ ಒಬ್ಬಾಕೇ ಜೀಕ್ತಾಳೇನು? ಹಿಂದ ನಿಂತು ತೂಗಾಕಿ ಎಲ್ಲಿ ಹೋಗ್ಯಾಳ?"

ನಾನು ಒಳಗೆ ಹೋಗಿ, ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಚೀಲಕ್ಕೆ ತುರುಕುತ್ತ, ದನಿ ತೆಗೆದು ಅತ್ತೆ. "ಬಸ್ ಹೋಗ್ತದ," ಎಂದು ಮಾಮಾ ಹೊರಗೆ ಬೈಯುತ್ತಿದ್ದ.